ಕರಿಗಲ್ಲಿನ ಕೆಳಗಿನ ನೀರು

ಆ ದಿನ ಬೆಳಿಗ್ಗೆ ಮೋಡ ಕವಿದಿತ್ತು. ಮಳೆ ತರುವ ಮೋಡವಲ್ಲ. ಚೈತ್ರ ಮುಗಿಯುವ ಹೊತ್ತಿಗೆ ಮೋರಖಂಡಿ ಊರಿನ ಮೇಲೆ ಸುಮ್ಮನೆ ಬಂದು ಕೂತು, ಗಾಳಿಯನ್ನೂ ತಡೆದು, ಸಂಜೆಗೆ ಹೇಳದೆ ಹೊರಟುಹೋಗುವ ಬೂದಿಬಣ್ಣದ ಮೋಡ. ಬೇವಿನ ಎಲೆ ಅಲ್ಲಾಡುತ್ತಿರಲಿಲ್ಲ. ಅಂಥ ಬೆಳಗಿನಲ್ಲಿ ತುಳಜಾರಾಮ ಹುಮನಾಬಾದಿನಿಂದ ತನ್ನ ಡೀಸೆಲ್ ಎಂಜಿನ್ನು, ಪಂಪು ಎಲ್ಲ ಟ್ರಾಲಿಯಲ್ಲಿ ಹೇರಿಕೊಂಡು ಬಂದು ಮಾಣಿಕಮ್ಮನ ಬಾವಿಯ ದಂಡೆಯಲ್ಲಿ ಇಳಿಸಿದ.

ಅವನ ಕಸುಬು ಲಾರಿ ತೊಳೆಯುವುದು. ಹುಮನಾಬಾದಿನ ದೊಡ್ಡ ರಸ್ತೆಯ ಬದಿಗೆ ನಿಂತು, ಪಂಪಿನ ಜೋರಿನಲ್ಲಿ ನೀರು ಬಿಟ್ಟು, ಗಾಲಿಗೆ ಅಂಟಿದ ಎರೆಮಣ್ಣು, ಗ್ರೀಸು ಎಲ್ಲ ಕಿತ್ತು ಹಾಕುತ್ತಿದ್ದ. ಮೋರಖಂಡಿಯ ಮಠದ ಉಸ್ತುವಾರಿ ನೋಡುವ ಮಹಾರುದ್ರಪ್ಪನವರು ಅದನ್ನು ಕಂಡು ಅವನನ್ನು ಕರೆಸಿದ್ದರು. ಮಠದ ಹೆಬ್ಬಾಗಿಲ ಕಲ್ಲಿಗೆ ಮುತ್ತಜ್ಜನ ಕಾಲದಿಂದ ಸುಣ್ಣ ಬಳಿದು ಬಳಿದು, ಅದರಲ್ಲಿ ಕೆತ್ತಿದ್ದ ನಂದಿಯ ಕಣ್ಣು ಮೂಗು ಮುಚ್ಚಿಹೋಗಿದ್ದವು. ಮಠಕ್ಕೆ ಹತ್ತಿರದ ಬಾವಿಯೆಂದರೆ ಅವರ ತೀರಿಹೋದ ಅಣ್ಣನ ಹೆಂಡತಿ ಮಾಣಿಕಮ್ಮನದು.

ಮಾಣಿಕಮ್ಮ ಬಾವಿಯೊಳಕ್ಕೆ ಬೆರಳು ತೋರಿಸಿದಳು. "ಮಠದ ಕೆಲಸಕ್ಕ ನೀರು ಬ್ಯಾಡ ಅನ್ನಂಗಿಲ್ಲ. ಆದರ ಅಲ್ಲೊಂದು ಕರಿಗಲ್ಲು ಹೊರಗ ಚಾಚ್ಯಾದ ನೋಡ್ರಿ. ನೀರು ಅಲ್ಲಿಗಿ ಇಳಿದಕೂಡ್ಲೆ ಪಂಪು ನಿಲ್ಲಸ್ರಿ. ಕೆಳಗಿನ ನೀರು ನನಗ ಬೇಕು."

"ಯಾಕ್ರಿ ಅಮ್ಮಾ, ಕೆಳಗ ತುಪ್ಪ ಅದೇನ್ರಿ?" ತುಳಜಾರಾಮ ನಕ್ಕ.

"ತುಪ್ಪ ಅಂತನೇ ತಿಳ್ಕೋರಿ. ನಿಲ್ಲಸ್ತೀರೋ ಇಲ್ಲೋ, ಅಷ್ಟು ಹೇಳ್ರಿ."

"ನಿಲ್ಲಸ್ತೇನ್ರಿ. ಮಾತು ಕೊಟ್ಟೆ."

ಕಾರಣ ಅವಳು ಹೇಳಲಿಲ್ಲ. ಹೇಳುವಂತಿರಲಿಲ್ಲ. ಒಳಮನೆಯಲ್ಲಿ ಸೊಸೆ ಸುಗಂಧಾ ಬಾಣಂತಿ. ಅದು ಅವಳ ಮೂರನೆಯ ಹೆರಿಗೆ. ಮೊದಲಿನ ಎರಡೂ ಕೂಸುಗಳು ಗಂಗವ್ವನ ಪೂಜೆಯ ದಿನ ಬರುವ ಮೊದಲೇ ಮಣ್ಣು ಸೇರಿದ್ದವು. ಆ ಪೂಜೆಯ ದಿನ ಬಾಣಂತಿ ಕೂಸನ್ನು ಎತ್ತಿಕೊಂಡು ಮನೆಯ ಬಾವಿಗೆ ಬಂದು, ಅರಿಸಿನ ಕುಂಕುಮ ಏರಿಸಿ, ತನ್ನ ಕೈಯಾರೆ ಒಂದು ಕೊಡ ನೀರು ಸೇದಿ ಒಳಗೆ ಒಯ್ಯಬೇಕು. ಅಂದಿನಿಂದಲೇ ಅವಳು ಮತ್ತೆ ಅಡುಗೆಮನೆಯವಳು, ಕೂಸು ಮನೆಯ ಕೂಸು. ಮದುವೆಯಾಗಿ ಹುಡಗಿ ಎಂಬ ಊರಿನಿಂದ ಬಂದ ಮೇಲೆ ಸುಗಂಧಾ ಆ ಕೊಡವನ್ನು ಒಮ್ಮೆಯೂ ಎತ್ತಿರಲಿಲ್ಲ. ಈ ಸಲ ಆ ದಿನ ಮುಟ್ಟುವಂತೆ ಕಂಡಿತ್ತು. ಪೂಜೆ ಮರುದಿನ ಬೆಳಿಗ್ಗೆ ಎಂದು ಅತ್ತೆ ಸೊಸೆಯರಿಗೆ ಮಾತ್ರ ಗೊತ್ತಿತ್ತು. ದೃಷ್ಟಿಯಾಗದಿರಲಿ ಎಂದು ಕೂಸಿಗೆ ಹಳೆಯ ಅರಿವೆ ಸುತ್ತಿ, ತಿಪ್ಪವ್ವ ಎಂದು ಕರೆಯುತ್ತಿದ್ದರು. ಪೂಜೆಯ ದಿನವನ್ನು ನೆಂಟರಿಗೂ ಹೇಳಿರಲಿಲ್ಲ, ಮೈದುನ ಮಹಾರುದ್ರಪ್ಪನವರಿಗೂ ಹೇಳಿರಲಿಲ್ಲ.

ಹೊಲಮನೆ ಇದ್ದವರ ಜಿಪುಣತನ ಎಂದುಕೊಂಡು ತುಳಜಾರಾಮ ಎಂಜಿನ್ ಶುರು ಮಾಡಿ, ಪೈಪನ್ನು ಮಠದ ಹೆಬ್ಬಾಗಿಲಿಗೆ ಹಿಡಿದ.

ಮಧ್ಯಾಹ್ನದ ಹೊತ್ತಿಗೆ ಸುಣ್ಣ ಸಡಿಲಾಯಿತು. ನಂದಿಯ ಒಂದು ಕೋಡು, ಒಂದು ಕಣ್ಣು ಹೊರಗೆ ಬಂದವು. ಉಳಿದ ಸುಣ್ಣ ಕಲ್ಲಿನ ಮೇಲೆ ಹಾಲಿನಂತೆ ಇಳಿಯುತ್ತಿತ್ತು. ತುಳಜಾರಾಮ ಬಾವಿಗೆ ಹೋಗಿ ಬಗ್ಗಿ ನೋಡಿದ. ಕರಿಗಲ್ಲು ತೊಯ್ದು ಮಿಂಚುತ್ತಿತ್ತು. ನೀರು ಅದರ ಬುಡಕ್ಕೆ ಇಳಿದಿತ್ತು.

"ಈಗ ನಿಲ್ಲಸ್ಬೇಕ್ರಿ," ಎಂದು ಮಠಕ್ಕೆ ಮರಳಿ ಮಹಾರುದ್ರಪ್ಪನವರಿಗೆ ಹೇಳಿದ. "ಆದರ ಈ ಸುಣ್ಣದ ನೀರು ಹಿಂಗೇ ಒಣಗಿದ್ರ ಕಲ್ಲಿಗಿ ಹಿಡಿತದ. ಆಮ್ಯಾಲ ಉಳಿ ಹಚ್ಚಿದ್ರೂ ಬಿಡಂಗಿಲ್ಲ."

"ಮತ್ತ ನಿಲ್ಲಸ್ತೀನಿ ಅಂತಿ! ನಂದಿ ಮಾರಿಗಿ ಹಿಟ್ಟು ಬಡದಂಗ ಕಾಣ್ತದ, ಊರ ಮಂದಿ ನಗಬೇಕೇನು?"

"ಅಮ್ಮಾರಿಗಿ ಮಾತು ಕೊಟ್ಟೀನ್ರಿ."

"ನಮ್ಮ ವೈನಿ ಮಜ್ಜಿಗಿನೂ ಅಳದು ಹಾಕ್ತಾಳ. ಮುಂಜಾನಿಗಿ ಬಾವಿ ತುಂಬ್ತದ ತಗೋ. ದೇವರ ಕೆಲಸ ಅದ, ನಡಸು."

ಅವನು ನಡೆಸಿದ. ದೇವರ ಹೆಸರು ಬಂದ ಮೇಲೆ ಮನುಷ್ಯನಿಗೆ ಕೊಟ್ಟ ಮಾತು ಎಷ್ಟು ಬೇಗ ಹಗುರಾಗುತ್ತದೆ!

ಸ್ವಲ್ಪ ಹೊತ್ತಿಗೆ ಎಂಜಿನ್ನಿನ ದನಿ ಬದಲಾಯಿತು. ಪೈಪು ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಕಂದು ರಾಡಿ ಒಮ್ಮೆಲೇ ನುಗ್ಗಿ, ತೊಳೆದ ನಂದಿಯ ಮುಖಕ್ಕೆ ಬಡಿಯಿತು. ತುಳಜಾರಾಮ ಓಡಿಹೋಗಿ ಎಂಜಿನ್ ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ಮಾಣಿಕಮ್ಮನ ಮನೆಯೊಳಗಿಂದ ಕೂಸಿನ ಅಳು ಕೇಳಿಸಿತು. ಇಲ್ಲೊಂದು ಕೂಸಿದೆಯೆಂದು ಅವನಿಗೆ ತಿಳಿದದ್ದು ಆಗಲೇ.

ಬಾವಿಯ ತಳದಲ್ಲಿ ರಾಡಿ ಬಿಟ್ಟರೆ ಏನೂ ಇರಲಿಲ್ಲ. ಎಳೆದ ಜೋರಿಗೆ ಹೂಳು ಬಂದು ಸೆಲೆಯ ಬಾಯಿಯನ್ನೇ ಮುಚ್ಚಿತ್ತು.

ಮಾಣಿಕಮ್ಮ ಬಂದು ನೋಡಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

"ತಪ್ಪಾತ್ರಿ ಅಮ್ಮಾ. ಬ್ಯಾರೆ ಬಾವಿಂದ ಎಷ್ಟು ಕೊಡ ಬೇಕು ಹೇಳ್ರಿ, ಹೊತ್ತು ತರ್ತೀನಿ."

"ಬ್ಯಾರೆ ಬಾವಿದು ನಡೆಯಂಗಿಲ್ಲ ತಮ್ಮಾ." ಆಗ ಅವಳು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. "ಎರಡು ಕೂಸು ಮಣ್ಣಿಗಿಟ್ಟೀವಿ. ನಾಳಿ ಅಕಿ ಹಗ್ಗ ಬಿಟ್ಟಾಗ ಕೊಡ ಖಾಲಿ ಬಂದ್ರ ನಾ ಏನ್ ಹೇಳ್ಲಿ?"

"ಮೊದಲೇ ಒಂದು ಮಾತು ಹೇಳಿದ್ರ..."

"ಬಾಯಿಬಿಟ್ರ ದೃಷ್ಟಿ ತಾಕ್ತದ ಅಂತ ಸುಮ್ಮನಿದ್ದೆ. ಸುಮ್ಮನಿದ್ರೂ ತಾಕ್ತು ನೋಡು."

ಬಾಗಿಲ ಮರೆಯಲ್ಲಿ ಸುಗಂಧಾ ನಿಂತಿದ್ದಳು. "ಬಿಡ್ರಿ ಅತ್ತಿ," ಎಂದಳು, ಅಳದೆ. "ಗಂಗವ್ವಗೂ ನಾ ಬ್ಯಾಡಾದೆನೇನೋ."

ತುಳಜಾರಾಮನಿಗೆ ತಲೆ ಎತ್ತಲಾಗಲಿಲ್ಲ. ಅತ್ತ ನಂದಿಯ ಮುಖದ ಮೇಲೆ ರಾಡಿಯೂ ಸುಣ್ಣವೂ ಕೂಡಿ ಒಣಗುತ್ತಿದ್ದವು. ಅದನ್ನು ಸರಿಪಡಿಸುವ ದಾರಿ ಅವನಿಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಅಂಥದೇ ಮೋಡ ಕವಿದಿತ್ತು. ಮಾಣಿಕಮ್ಮ ಅಕ್ಕಪಕ್ಕದ ಮುತ್ತೈದೆಯರನ್ನು ಕರೆದಳು. ಶಾಸ್ತ್ರ ಬಿಟ್ಟರೆ ಇನ್ನೂ ಕೆಟ್ಟದ್ದು ಎಂಬ ಅಂಜಿಕೆ ಅವಳಿಗೆ. ತಾನು ಗಂಡ ಸತ್ತವಳೆಂದು ಹೊಸ್ತಿಲಲ್ಲೇ ಉಳಿದಳು. ಬಾವಿಯ ಬಳಿ ಎಂಜಿನ್ ನಿಂತಿತ್ತು, ಅದರವನು ಇರಲಿಲ್ಲ.

"ಎಂಜಿನ್ ಬಿಟ್ಟು ಓಡಿಹೋದ್ನೇನೋ ಭಾಡ್ಯಾ," ಎಂದಳು ಪಕ್ಕದ ಮನೆಯ ಶಕುಂತಲಾಬಾಯಿ.

ಯಾರೂ ನಗಲಿಲ್ಲ. ಯಾರೂ ಬಾವಿಯೊಳಗೆ ಇಣುಕಲೂ ಇಲ್ಲ. ಬತ್ತಿದ್ದು ಊರಿಗೆಲ್ಲ ಗೊತ್ತಾಗಿತ್ತು. ದಂಡೆಯ ಕಲ್ಲಿಗೆ ಅರಿಸಿನ ಹಚ್ಚಿದರು. ಹೂವು, ಕುಂಕುಮ ಒಳಗೆ ಬಿಟ್ಟರು. ಹಾಡಬೇಕಾದ ಹಾಡನ್ನು ಶಕುಂತಲಾಬಾಯಿ ಎತ್ತಿದಳು, ಆದರೆ ಎರಡನೆಯ ಸಾಲಿಗೆ ದನಿ ಸೇರಲಿಲ್ಲ. ಸುಗಂಧಾ ಕೂಸನ್ನು ಅವಳ ಕೈಗೆ ಕೊಟ್ಟು, ಕಣ್ಣು ಮುಚ್ಚಿಕೊಂಡು ಹಗ್ಗ ಬಿಟ್ಟಳು. ಖಾಲಿ ಕೊಡ ತಳದ ರಾಡಿಗೆ ಬಡಿಯುವ ಸದ್ದಿಗಾಗಿ ಅವಳ ಮೈಯೆಲ್ಲ ಕಾಯುತ್ತಿತ್ತು.

ಆ ಸದ್ದು ಬರಲಿಲ್ಲ.

ಕೆಳಗೆ, ತೊಡೆಯವರೆಗಿನ ರಾಡಿಯಲ್ಲಿ ತುಳಜಾರಾಮ ನಿಂತಿದ್ದ. ಗಂಡಸರು ನೋಡಬಾರದ ಪೂಜೆಯೆಂದು ಮುಖವನ್ನು ಗೋಡೆಯ ಕಲ್ಲಿಗೆ ತಿರುಗಿಸಿದ್ದ. ರಾತ್ರಿಯೇ ಬಾವಿಗೆ ಇಳಿದು, ಹೂಳನ್ನು ಒಂದು ಬದಿಗೆ ಒಟ್ಟಿ, ಸೆಲೆಯ ಬಾಯಿಯನ್ನು ಬೆರಳಿನಿಂದಲೇ ಬಿಡಿಸಿದ್ದ, ಉಗುರುಗಳು ಕಿತ್ತುಹೋಗಿದ್ದವು. ಎಳೆಯಾಗಿ ಇಳಿದ ನೀರನ್ನು ಬೊಗಸೆ ಬೊಗಸೆಯಾಗಿ ಹಿಡಿದು, ಒಂದು ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟಿದ್ದ. ಹೆಗಲ ಮೇಲೆ ಕುಂಕುಮ ಬಿದ್ದಿತ್ತು, ಕಿವಿಯ ಬಳಿ ಒಂದು ಹೂವು. ಇಳಿದು ಬಂದ ಕೊಡವನ್ನು ಅವನು ತಳ ಮುಟ್ಟಿಸದೆ ಹಿಡಿದುಕೊಂಡ, ಅದರ ಬಾಯಿಗೆ ತನ್ನ ಪಂಚೆಯ ಚುಂಗು ಕಟ್ಟಿ ನೀರು ಸೋಸಿದ. ಕೊಡ ತುಂಬಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು, ಅಷ್ಟೇ.

ಮೇಲಿನಿಂದ ಹಗ್ಗ ಅಳುಕುತ್ತ ಒಮ್ಮೆ ಜಗ್ಗಿತು. ಅವನು ಕೊಡವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, ಅದರ ಭಾರ ಅವಳ ಕೈಗೆ ಸೇರುವ ತನಕ ಹಿಡಿದು ನಿಂತ.