ಮ್ಯಾಟಿನಿಯ ಕೊನೆಯ ಹತ್ತು ನಿಮಿಷ

ವೇಣು ಹಾರವನ್ನು ಪ್ಲಾಸ್ಟಿಕ್ ಚೀಲದಿಂದ ಅರ್ಧ ಎಳೆದವನು ಮತ್ತೆ ಒಳಗೇ ತುರುಕಿದ. ಎದುರಿಗೆ, ಸೀನಪ್ಪನ ಮನೆ ಮುಂದೆ, ಇಬ್ಬರು ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದರು. ಹನ್ನೊಂದು ವರ್ಷದಿಂದ ಆ ಹೊಸಿಲು ತುಳಿಯದವನು ಇವತ್ತು ಯಾವ ಮುಖ ಹೊತ್ತು ತುಳಿಯುವುದು? ಕೆಜಿಎಫ್‌ನ ಚಾಂಪಿಯನ್ ರೀಫ್ಸಿನ ಸಾಲುಮನೆಗಳ ಹಿಂದೆ ಹಳೇ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬ ಮಂಜಿನಲ್ಲಿ ಬುಡ ಕಳೆದುಕೊಂಡು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ವೇಣು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕಳೆದ.

ಅವನನ್ನು ಮೊದಲು ಕಂಡವಳು ಚಿಕ್ಕವೆಂಕಟಮ್ಮ, ಸೀನಪ್ಪನ ಅಕ್ಕ. ಕ್ಯಾಸಂಬಳ್ಳಿಯಿಂದ ಮೊದಲ ಬಸ್ಸಿಗೇ ಬಂದು, ಅತ್ತು ಮುಗಿಸಿ, ಈಗ ಸಾವಿನ ಮನೆಯ ಯಜಮಾನಿಕೆ ವಹಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು.

"ವೇಣೂನಾ? ಬದುಕಿದ್ದಾಗ ಬರ್ದೋನು ಈಗ್ಯಾಕಪ್ಪ ಬಂದೆ?" ಎಂದಳು. ಆಮೇಲೆ ಅವಳಿಗೇ ಮನಸ್ಸು ಕರಗಿತೋ ಏನೋ, "ಬಾ, ಮುಖ ನೋಡು" ಎಂದು ದಾರಿ ಬಿಟ್ಟಳು.

ಸೀನಪ್ಪನನ್ನು ನಡುಮನೆಯ ಬೆಂಚಿನ ಮೇಲೆ ಮಲಗಿಸಿದ್ದರು. ನಿನ್ನೆ ಬೆಳಿಗ್ಗೆ ಟೀ ಕುಡಿಯುತ್ತ ಕೂತವನು ಕೂತ ಹಾಗೆಯೇ ಹೋಗಿದ್ದ. ಲೋಟದಲ್ಲಿ ಅರ್ಧ ಟೀ ಹಾಗೇ ಉಳಿದಿತ್ತಂತೆ. ಅರವತ್ತೊಂದು ನಡೆಯುತ್ತಿತ್ತು, ರಿಟೈರಾಗಿ ಇನ್ನೂ ಒಂದು ವರ್ಷ ಕಳೆದಿರಲಿಲ್ಲ. ವೇಣು ಹಾರ ಹಾಕಿದ. ಬಗ್ಗಿ ಒಂದು ಮಾತು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನವರು ತಳ್ಳಿದರು, ಮಾತು ಗಂಟಲಲ್ಲೇ ಉಳಿಯಿತು. ಹನ್ನೊಂದು ವರ್ಷದಿಂದ ಅದು ಉಳಿದಿದ್ದೂ ಅಲ್ಲೇ.

*

ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಲೇತ್ ಯಂತ್ರದಲ್ಲಿ ದುಡಿದವರು. ಇಬ್ಬರಿಗೂ ತಾಮ್ರಗರುಡನ ಹುಚ್ಚು. ತಾಮ್ರದ ಮುಖವಾಡ, ತಾಮ್ರದ ರೆಕ್ಕೆ, ಅನ್ಯಾಯ ಕಂಡಲ್ಲಿ ಇಳಿಯುವ ಆ ಗರುಡನ ಕಾಮಿಕ್ಸು ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಹಳೇ ಪುಸ್ತಕ ಹರಡುವವನ ಹತ್ತಿರ ಸಿಗುತ್ತಿತ್ತು. ಒಂದು ವಾರ ತಮಿಳಿನದು, ಇನ್ನೊಂದು ವಾರ ತೆಲುಗಿನದು. ಸೀನಪ್ಪನಿಗೆ ಎರಡೂ ಬರುತ್ತಿತ್ತು, ಇಂಗ್ಲಿಷಿನದು ಸಿಕ್ಕರೆ ಚಿತ್ರ ನೋಡಿಯೇ ಓದುತ್ತಿದ್ದ. ಗರುಡ ಯಾವ ಭಾಷೆಯಲ್ಲಿ ಹಾರಿದರೂ ರೆಕ್ಕೆ ಒಂದೇ ಎನ್ನುವುದು ಅವನ ವಾದ.

ಆ ಗರುಡನ ಸಿನಿಮಾ ಬಂಗಾರಪೇಟೆಗೆ ಬಂದ ವಾರ ಸೀನಪ್ಪನಿಗೆ ಸೆಕೆಂಡ್ ಶಿಫ್ಟು. ಭಾನುವಾರ ಇಬ್ಬರೂ ಸೇರಿ ಹೋಗುವುದೆಂದು ಮಾತಾಗಿತ್ತು. ವೇಣುವಿಗೆ ಭಾನುವಾರದ ತನಕ ತಡೆಯಲಾಗಲಿಲ್ಲ. ಗುರುವಾರ ಒಬ್ಬನೇ ಮ್ಯಾಟಿನಿಗೆ ಹೋಗಿ ಕೂತ.

ಆ ಟಾಕೀಸಿನಲ್ಲಿ ಕೆಜಿಎಫ್‌ನವರಿಗೆ 'ರೈಲಿನೋರು' ಎಂದೇ ಹೆಸರು. ಮ್ಯಾಟಿನಿ ಮುಗಿಯುವುದಕ್ಕೂ ಸಂಜೆಯ ರೈಲು ಹೊರಡುವುದಕ್ಕೂ ಎಂದೂ ಸರಿಹೊಂದುತ್ತಿರಲಿಲ್ಲ. ಆ ರೈಲು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ಗಂಟೆಗಟ್ಟಲೆ ಸೊಳ್ಳೆ ಹೊಡೆಯುತ್ತ ಕೂರಬೇಕು. ಹಾಗಾಗಿ ಗಡಿಯಾರ ನೋಡಿ ಅರ್ಧ ಟಾಕೀಸು ಎದ್ದು ಓಡುತ್ತಿತ್ತು. ಕೆಜಿಎಫ್‌ನಲ್ಲಿ ಎಷ್ಟೋ ಜನ ಜೀವಮಾನವಿಡೀ ಸಿನಿಮಾ ನೋಡಿಯೂ ಒಂದು ಮದುವೆ ಸೀನು ಕಂಡವರಲ್ಲ.

ಆ ಗುರುವಾರ ತೆರೆಯ ಮೇಲೆ ಗರುಡ ಆಕಾಶದಿಂದ ಬಿದ್ದ. ಮುಖವಾಡ ಒಡೆದು ಎರಡಾಯಿತು. ತಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿಸಿದಳು. ವೇಣು ಗಡಿಯಾರ ನೋಡಿ ಎದ್ದು ಓಡಿದ. ರೈಲಿನ ಕಿಟಕಿಗೆ ಹಣೆ ಹಚ್ಚಿ ದಾರಿಯುದ್ದಕ್ಕೂ ಅತ್ತ. ಇಳಿದವನು ಮನೆಗೆ ಹೋಗದೆ ನೇರವಾಗಿ ಕಾರ್ಖಾನೆಯ ಗೇಟಿಗೆ ಹೋದ. ಸೀನಪ್ಪ ಟೀಗೆಂದು ಆಚೆ ಬಂದಿದ್ದ. ದುಃಖ ಹೊತ್ತು ಬಂದವನಿಗೆ ಅದನ್ನು ಇಳಿಸಲು ಬೇರೆ ಯಾರಿದ್ದರು?

"ಸೀನ, ನಮ್ ಗರುಡ ಸತ್ತೋದ ಕಣ್ಲಾ" ಎಂದ.

ಸೀನಪ್ಪ ಲೋಟ ಕೆಳಗಿಟ್ಟ. "ನೋಡ್ದೆ ಇರೋನ್ಗೆ ಯೋಳ್ಬಾರ್ದು ಅಂತ ನಿಂಗೊತ್ತಿಲ್ವೇನ್ಲಾ?" ಎಂದ. ಸೀನಪ್ಪ ಅವನೊಡನೆ ಆಡಿದ ಕೊನೆಯ ಮಾತು ಅದೇ.

ನಾಲ್ಕು ದಿನದ ಮೇಲೆ ಬಂಗಾರಪೇಟೆಯ ಸಹೋದ್ಯೋಗಿಯೊಬ್ಬ ಕ್ಯಾಂಟೀನಿನಲ್ಲಿ ನಕ್ಕ. ಬಿದ್ದದ್ದು ನೋಡಿ ಎದ್ದು ಬಂದ್ಯಾ, ಅಸಲಿ ಸಿನಿಮಾ ಇರುವುದೇ ಆಮೇಲಿನ ಹತ್ತು ನಿಮಿಷದಲ್ಲಿ, ಗರುಡ ಎದ್ದು ಬರುತ್ತಾನೆ ಎಂದ. ವೇಣು ತಟ್ಟೆ ಬಿಟ್ಟು ಎದ್ದ. ತಾನು ಸುಳ್ಳು ಸುದ್ದಿ ತಂದವನು. ಅದನ್ನು ತಿದ್ದಬೇಕಾದರೆ ನೋಡದೇ ಇರುವವನಿಗೆ ಇನ್ನೊಮ್ಮೆ ಕೊನೆ ಹೇಳಬೇಕು, ಮಾಡಿದ ತಪ್ಪನ್ನೇ ಮತ್ತೆ ಮಾಡಬೇಕು. ಆದರೂ ಒಂದು ದಿನ ಶಿಫ್ಟ್ ಬಸ್ಸಿನಲ್ಲಿ ಧೈರ್ಯ ಮಾಡಿದ. "ಸೀನ, ಆ ಸಿನಿಮಾ..." ಎನ್ನುವಷ್ಟರಲ್ಲಿ ಸೀನಪ್ಪ ಎರಡೂ ಕಿವಿಗೆ ಬೆರಳು ತುರುಕಿಕೊಂಡ, ಇಳಿಯುವ ತನಕ ತೆಗೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಿನ ವಾರವಾಯಿತು, ವಾರ ವರ್ಷವಾಯಿತು. ಆ ಸಿನಿಮಾ ಟೀವಿಯಲ್ಲಿ ಬಂದಾಗಲೆಲ್ಲ ವೇಣು ಕೊನೆಯ ಹತ್ತು ನಿಮಿಷ ನೋಡುತ್ತಿದ್ದ. ನೋಡಿದಷ್ಟೂ ಸಂಕಟ ಹೆಚ್ಚಾಗುತ್ತಿತ್ತು.

*

ಪಕ್ಕದ ಮನೆಯಿಂದ ಟೀ ಬಂತು. ಸೀನಪ್ಪನ ಒಬ್ಬಳೇ ಮಗಳು ಬಿಂದುಶ್ರೀ ಒಂದು ಲೋಟ ತಂದು ವೇಣುವಿನ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತಳು. ಅವಳು ಹೈಸ್ಕೂಲಿನಲ್ಲಿದ್ದಾಗ ನೋಡಿದ್ದು, ಈಗ ಅವಳ ಕೊರಳಲ್ಲಿ ತಾಳಿಯಿತ್ತು.

ಅಪ್ಪ ಆ ಸಿನಿಮಾ ಕೊನೆಗೂ ನೋಡಲೇ ಇಲ್ಲ ಎಂದಳು. ಟೀವಿಯಲ್ಲಿ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದನಂತೆ. ಅದರ ಕೊನೆಯ ಬಗ್ಗೆ ಯಾರೂ ಬಾಯಿ ಬಿಡಕೂಡದೆಂದು ಬೀದಿಗೆಲ್ಲ ಕಟ್ಟಪ್ಪಣೆ. ನಾನು ನೋಡಿಲ್ಲ, ಹಾಗಾಗಿ ನನ್ನ ಪಾಲಿಗೆ ಗರುಡ ಸತ್ತಿಲ್ಲ ಎನ್ನುತ್ತಿದ್ದನಂತೆ.

"ದಿನಾ ಸಾಯಂಕಾಲ ಅಪ್ಪ ವಾರ್ತೆ ಓದ್ತಿತ್ತು ಮಾಮ, ನಿಂಗೊತ್ತಿಲ್ವಾ?"

ವೇಣುವಿಗೆ ಗೊತ್ತಿರಲಿಲ್ಲ. ಟೀವಿಯಲ್ಲಿ ವಾರ್ತೆ ಶುರುವಾದ ಕೂಡಲೇ ಸೀನಪ್ಪ ಅದರ ದನಿ ಅಡಗಿಸಿ, ಮುಂದೆ ಕುರ್ಚಿ ಹಾಕಿಕೊಂಡು, ತಾಮ್ರಗರುಡನ ವಾರ್ತೆ ಓದುತ್ತಿದ್ದ. ಟೀವಿಯವರ ವಾರ್ತೆಯಲ್ಲಿ ಸತ್ತವರು ಎದ್ದು ಬರುವುದಿಲ್ಲ, ಅದೊಂದು ವಾರ್ತೆಯೇ ಎಂದು ಅವನ ತಕರಾರು. ಬೀದಿಯ ಹೆಂಗಸರು ಬೀನ್ಸು ಸೋಸುತ್ತ ಕೇಳುತ್ತಿದ್ದರು. ದಿನಕ್ಕೊಂದು ಸುದ್ದಿ. ಬೇತಮಂಗಲದಿಂದ ನೀರು ಬರುವ ಪೈಪು ಒಡೆದಾಗ ಗರುಡ ಬೆನ್ನು ಕೊಟ್ಟು ನಿಂತಿದ್ದ, ಅದಕ್ಕೇ ನಿಮ್ಮ ಬಿಂದಿಗೆ ತುಂಬಿದವು. ಮುಚ್ಚಿದ ಗಣಿಯೊಳಗೆ ಇಳಿದು, ಕುಸಿತದಲ್ಲಿ ಅಲ್ಲೇ ಉಳಿದ ಹಳಬರನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸಿ ಬಂದ, ಎಲ್ಲರೂ ಕ್ಷೇಮ. ಇವತ್ತು ಮಂಡಿ ನೋವು, ಹಾರಲಿಲ್ಲ, ಮಾರಿಕುಪ್ಪದ ರೈಲಿನ ಮೇಲೆ ಕೂತು ಊರು ಸುತ್ತಿದ. ಗರುಡನಿಗೂ ಸೀನಪ್ಪನಷ್ಟೇ ವಯಸ್ಸಾಗುತ್ತಿತ್ತು, ಕೂದಲು ಅಷ್ಟಷ್ಟೇ ನರೆಯುತ್ತಿತ್ತು.

"ಶುರು ಮಾಡೋಕ್ ಮುಂಚೆ ಬೀದಿ ಕಡೆ ನೋಡ್ತಿತ್ತು. ಯಾರಪ್ಪ ಬರ್ಬೇಕು ಅಂದ್ರೆ ಯಾರೂ ಇಲ್ಲ ಅಂತಿತ್ತು" ಎಂದಳು ಬಿಂದುಶ್ರೀ.

ವೇಣುವಿನ ಕಣ್ಣು ತುಂಬಿತು. ಮರೆಮಾಡಲು ಅವನು ಪ್ರಯತ್ನವನ್ನೂ ಮಾಡಲಿಲ್ಲ. ಎರಡು ಬೀದಿ ದಾಟಿ ಬರಲಾರದೆ ಹನ್ನೊಂದು ವರ್ಷ ಕೂತಿದ್ದ ತನ್ನ ಮೇಲೇ ಅವನಿಗೆ ಸಿಟ್ಟು ಬಂತು. ಎದ್ದು ಹೋಗಿ ಚಿಕ್ಕವೆಂಕಟಮ್ಮನ ಮುಂದೆ ನಿಂತ. ನಡುದಾರಿಯ ಕಲ್ಲಿನ ಹತ್ತಿರ ಸೀನನ ಕಿವಿಯಲ್ಲಿ ಕರೆಯುವಾಗ ತಾನೂ ಒಂದು ಮಾತು ಹೇಳಬೇಕು ಎಂದ.

ಈ ಸೀಮೆಯಲ್ಲಿ ಚಟ್ಟವನ್ನು ಅರ್ಧ ದಾರಿಯಲ್ಲಿ ಒಮ್ಮೆ ಇಳಿಸುತ್ತಾರೆ. ರಕ್ತಸಂಬಂಧಿಯೊಬ್ಬ ಬಗ್ಗಿ, ಸತ್ತವನ ಕಿವಿಯಲ್ಲಿ ಮೂರು ಸಲ ಕರೆಯುತ್ತಾನೆ. ಉಸಿರು ಎಲ್ಲಾದರೂ ಅಡಗಿದ್ದರೆ ಏಳಲಿ ಎಂದು. ಏಳದಿದ್ದರೆ ತಲೆದೆಸೆ ತಿರುಗಿಸಿ ಹೊರಡುವುದು. ಹೆಂಗಸರು ಅಲ್ಲಿಂದ ವಾಪಸು.

ಚಿಕ್ಕವೆಂಕಟಮ್ಮ ಒಪ್ಪಲಿಲ್ಲ. ಬಿಂದುಶ್ರೀಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಹೂಳುವ ಜಾಗದ ತನಕ ಬೆಂಕಿ ಮಡಕೆ ಹಿಡಿಯುವವನು ತನ್ನ ಮಗ ಅನಿಲ್, ಕರೆಯುವವನೂ ಅವನೇ. ಮಾತು ಬಿಟ್ಟವನಿಗೆ ಅಲ್ಲೇನು ಕೆಲಸ ಎಂದಳು. ಗೋಡೆಗೊರಗಿ ಕೂತಿದ್ದ ಸೀನಪ್ಪನ ಹೆಂಡತಿ ಮುನಿಶಾಮಮ್ಮ ತಲೆ ಎತ್ತಿದಳು.

"ಎಲ್ಡು ಅನಿಲ್ ಕರೀಲಿ. ಮೂರ್ನೇದು ವೇಣಣ್ಣಂದು" ಎಂದಳು. "ನಾವು ಕರುದ್ರೆ ಯಾವತ್ ಎದ್ದವ್ರೆ ಅವ್ರು? ಊಟಕ್ ಕರುದ್ರೂ ಏಳ್ತಿರ್ಲಿಲ್ಲ."

ಚಿಕ್ಕವೆಂಕಟಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೂಂ ಎಂದಳು.

*

ಮಧ್ಯಾಹ್ನ ತಮಟೆಯ ಹಿಂದೆ ಮೆರವಣಿಗೆ ಹೊರಟಿತು. ಮಂಡಕ್ಕಿ, ಚಿಲ್ಲರೆ ಚೆಲ್ಲುತ್ತ, ಬಿಸಿಲಿಗೆ ಬೆಳ್ಳಗಾದ ರಸ್ತೆಯಲ್ಲಿ ನಡೆದರು. ಬೇವಿನ ಮರದ ಕೆಳಗಿನ ಕಲ್ಲು ಬಂದಾಗ ತಮಟೆ ನಿಂತಿತು. ಚಟ್ಟ ಇಳಿಯಿತು.

ಅನಿಲ್ ಮಡಕೆಯನ್ನು ಪಕ್ಕಕ್ಕಿಟ್ಟು ಬಗ್ಗಿ, ಮಾವ ಎಂದು ಎರಡು ಸಲ ಕರೆದ. ಎದ್ದು ದಾರಿ ಬಿಟ್ಟ. ವೇಣು ಚಪ್ಪಲಿ ಬಿಟ್ಟು ಮಂಡಿಯೂರಿದ. ಕಿವಿಯ ಮೇಲೆ ಬಿದ್ದಿದ್ದ ಚೆಂಡುಹೂವನ್ನು ಸರಿಸಿದ.

"ಸೀನ, ತಪ್ಪಾಯ್ತು ಕಣ್ಲಾ. ನಾನು ಕೊನೇಗಂಟ ನೋಡ್ಲಿಲ್ಲ, ರೈಲಿಗ್ ಎದ್ದು ಓಡ್ಬಂದೆ. ಗರುಡ ಸತ್ತಿರ್ಲಿಲ್ಲ. ನೀನ್ ಯೋಳಿದ್ದೇ ದಿಟ."

ಎಲ್ಲರೂ ಪದ್ಧತಿಯಂತೆ ಕಾದರು. ಬೇವಿನ ಎಲೆಯೂ ಅಲುಗಲಿಲ್ಲ. ನಾಲ್ವರು ಚಟ್ಟವನ್ನು ಎತ್ತಿ ತಲೆದೆಸೆ ತಿರುಗಿಸಿದರು. ಮುಂದಿನ ಬಲಹೆಗಲಿಗೆ ವೇಣು ನಿಂತ. ಯಾರೂ ಬೇಡವೆನ್ನಲಿಲ್ಲ. ಹೆಂಗಸರು ತಿರುಗಿ ಹೊರಡಬೇಕಿತ್ತು. ಮುನಿಶಾಮಮ್ಮ ಮಾತ್ರ ನಿಂತಲ್ಲೇ ನಿಂತಿದ್ದಳು.

"ವೇಣಣ್ಣ, ಎಂಗ್ ಎದ್ದ ಅವ್ನು?" ಎಂದು ಕೇಳಿದಳು. "ನಂಗೂ ಗೊತ್ತಿಲ್ಲ. ನನ್ನೂ ನೋಡಕ್ ಬಿಟ್ಟಿರ್ಲಿಲ್ಲ."

ವೇಣು ಹೆಗಲ ಮೇಲಿನ ಬಿದಿರನ್ನು ಸರಿಮಾಡಿಕೊಂಡು, ಹಿಂದೆ ನಿಂತ ಅವಳಿಗೂ ಕೇಳಲೆಂದು ದನಿ ಎತ್ತಿ ಹೇಳತೊಡಗಿದ. ಗರುಡನ ತಾಯಿಯ ಕಣ್ಣೀರು ಒಡೆದ ಮುಖವಾಡದ ಮೇಲೆ ಬಿದ್ದದ್ದು, ತಾಮ್ರ ಕಾದು ಕೆಂಪಾದದ್ದು, ಊರಿನವರೆಲ್ಲ ತಮ್ಮ ಮನೆಯ ತಾಮ್ರದ ಬಿಂದಿಗೆ ಚೆಂಬು ತಂದು ಅವನ ಸುತ್ತ ಸುರಿದದ್ದು. ತಮಟೆಯವರು ಬಡಿಯುವುದನ್ನು ಮರೆತು ಪಕ್ಕಕ್ಕೆ ಬಂದು ನಡೆದರು. ಹೆಗಲು ಕೊಟ್ಟ ಮಿಕ್ಕ ಮೂವರೂ ರೈಲಿನೋರೇ, ಅವರಲ್ಲಿ ಯಾರೂ ಟೀವಿಯಲ್ಲೂ ಆ ಹತ್ತು ನಿಮಿಷ ಕಂಡವರಲ್ಲ. ತಿರುವಿನಾಚೆ ತೋಡಿದ ಗುಂಡಿಯ ಕೆಮ್ಮಣ್ಣು ಕಂಡಿತು. ಎಲ್ಲರ ಹೆಜ್ಜೆ ನಿಧಾನವಾಯಿತು. ಗರುಡ ಒಂದು ಕಣ್ಣು ತೆರೆದ ಎಂದು ವೇಣು ಹೇಳುವ ಹೊತ್ತಿಗೆ ಮುಂದಿದ್ದ ಅನಿಲ್ ಮಡಕೆ ಹಿಡಿದು ಹಿಂದಕ್ಕೆ ತಿರುಗಿ ನಿಂತೇಬಿಟ್ಟಿದ್ದ. ಸೀನಪ್ಪನನ್ನು ಹೊತ್ತ ನಾಲ್ಕು ಹೆಗಲೂ, ಮುಂದಿನದು ಕೇಳುತ್ತ, ನಡುರಸ್ತೆಯ ಬಿಸಿಲಿನಲ್ಲಿ ನಿಂತವು.