ತಗೋ ಮಗು, ನಿಂದೇ

ನನ್ನ ಅಣ್ಣ ಲುತ್ಫಿ ತನ್ನ ಜೀವದಂತಿದ್ದ ಪಾರಿವಾಳವನ್ನು ಒಬ್ಬ ಡಚ್ ಹುಡುಗನಿಗೆ ಕೊಟ್ಟುಬಿಟ್ಟದ್ದು ಉದಾರತನದಿಂದಲ್ಲ, ಬಾಯಿಯ ಅಭ್ಯಾಸದಿಂದ.

ಅಣ್ಣ ರೈಲ್ವೆಯಲ್ಲಿದ್ದವನು. ನಿವೃತ್ತಿಯಾಗಿ, ಅತ್ತಿಗೆ ತೀರಿಕೊಂಡ ಮೇಲೆ, ಕೈರೋದ ದೊಕ್ಕಿ ಬಡಾವಣೆಯಲ್ಲಿರುವ, ತಂಗಿಯಾದ ನನ್ನ ಮನೆಗೆ ಬಂದ. ಕೆಳಗೆ ನಾವಿಬ್ಬರು, ನಮ್ಮ ಮೇಲೆ ಬಾಡಿಗೆಯವರು, ಅವರ ಮೇಲೆ ತಾರಸಿ, ತಾರಸಿಯಲ್ಲಿ ಅಣ್ಣ ತಾನೇ ಹಲಗೆ ಹೊಡೆದು ಕಟ್ಟಿದ ಪಾರಿವಾಳದ ಗೋಪುರ. ಬಾಡಿಗೆಯವರು ಹಾಲೆಂಡಿನವರು. ಗಂಡ ಸಾಂಡರ್ ನೀರಾವರಿ ಇಂಜಿನಿಯರ್, ಹೆಂಡತಿ ಮಾರೈಕೆ, ಆರು ವರ್ಷದ ಮಗ ಯೋಸ್ತ್, ನಾಲ್ಕು ವರ್ಷದ ಮಗಳು ಫೆಮ್ಕೆ. ಒಳ್ಳೆಯ ಜನ. ಮೆಟ್ಟಿಲು ತಾವೇ ತೊಳೆಯುತ್ತಾರೆ, ಅದು ಕಾವಲುಗಾರನ ಹೆಂಡತಿಯ ಕೆಲಸ, ಅವಳಿಗೆ ಅವಮಾನ ಎಂದು ತಿಳಿಯದೆ. ಮಕ್ಕಳು ಬೀದಿಯಲ್ಲಿ ಆಡುತ್ತಲೇ ಅರಬಿ ಕಲಿತರು. ಮಾರೈಕೆ ತರಗತಿಗೆ ಹೋಗಿ ಕಲಿತಳು. ಹಾಗಾಗಿ ಅವಳು ಮಾತಾಡಿದರೆ ರೇಡಿಯೊದಲ್ಲಿ ವಾರ್ತೆ ಓದಿದಂತಿರುತ್ತದೆ.

ಆ ಸಂಜೆ ಅಣ್ಣ ಬಸ್ಬೂಸಾಳನ್ನು ಅಂಗೈ ಮೇಲೆ ಕೂರಿಸಿಕೊಂಡಿದ್ದ. ಕತ್ತು ಬಿಳಿ, ಬೆನ್ನು ಮಾತ್ರ ಒಲೆಯಿಂದ ಆಗಷ್ಟೇ ಇಳಿಸಿದ ರವೆ ಸಿಹಿಯ ಬಣ್ಣ. ಆ ಸಿಹಿಯ ಹೆಸರೇ ಅವಳಿಗೆ. ಇಡೀ ಗೋಪುರದಲ್ಲಿ ಹೆಸರಿದ್ದದ್ದು ಅವಳಿಗೂ ಅವಳ ಜೋಡಿ ಪಾಶಾನಿಗೂ ಮಾತ್ರ.

"ಲುತ್ಫಿ ಅಜ್ಜ, ಇದು ಎಷ್ಟು ಚೆನ್ನಾಗಿದೆ," ಅಂದ ಯೋಸ್ತ್.

"ತಗೋ ಮಗು, ನಿಂದೇ," ಅಂದ ಅಣ್ಣ.

ನಾನು ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ. ಯಾರಾದರೂ ನಮ್ಮ ವಸ್ತುವನ್ನು ಹೊಗಳಿದರೆ ನಾವು ಅನ್ನುವುದೇ ಹಾಗೆ. ಅವರು "ಅಯ್ಯೋ, ನಿಮ್ಮ ಕೈಲೇ ಚೆಂದ, ದೇವರು ನಿಮಗೇ ಇಟ್ಟಿರಲಿ" ಅನ್ನುತ್ತಾರೆ. ವಸ್ತು ಇದ್ದಲ್ಲೇ ಇರುತ್ತದೆ, ಇಬ್ಬರಿಗೂ ಮನಸ್ಸು ತಂಪಾಗಿರುತ್ತದೆ. ನಮ್ಮ ಬೀದಿಯಲ್ಲಿ ಹಾಲುಹಲ್ಲು ಬೀಳದ ಮಕ್ಕಳಿಗೂ ಇದು ಗೊತ್ತು. ಯೋಸ್ತ್ ಮಾತ್ರ "ಥ್ಯಾಂಕ್ಸ್ ಅಜ್ಜ" ಅಂದು, ಬಸ್ಬೂಸಾಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮೆಟ್ಟಿಲಿಳಿದು ಹೋದ.

ಅಣ್ಣನ ಅಂಗೈ ಇನ್ನೂ ಚಾಚಿಕೊಂಡೇ ಇತ್ತು.

"ಕರಿ ಅಣ್ಣ ಅವನನ್ನ," ಅಂದೆ.

"ಏನಂತ ಕರೀಲಿ? ಕೊಟ್ಟೆ ಅಂದಿದೀನಿ."

"ಬಾಯಿ ಮಾತಿಗೆ ಅಂದಿದ್ದಲ್ವಾ."

"ಅವರಮ್ಮನೇ ವಾಪಸ್ ಕಳಿಸ್ತಾಳೆ ಬಿಡು. ದೊಡ್ಡೋಳು, ತಿಳೀದೇ ಇರುತ್ತಾ?"

ಮಾರೈಕೆ ಪಾರಿವಾಳ ಕಳಿಸಲಿಲ್ಲ, ಧನ್ಯವಾದ ಹೇಳಿ ಒಂದು ದೊಡ್ಡ ತುಂಡು ಚೀಸ್ ಕಳಿಸಿದಳು. ಮರುದಿನ ಮೇಲಿನಿಂದ ಸುತ್ತಿಗೆಯ ಸದ್ದು. ಸಾಂಡರ್ ಬಾಲ್ಕನಿಯಲ್ಲಿ ಪಂಜರ ಕಟ್ಟುತ್ತಿದ್ದ. ಕಾಲುವೆಗೆ ತೂಬು ಇಡುವ ಮನುಷ್ಯ, ಪಂಜರವನ್ನೂ ಪ್ರವಾಹ ಬಂದರೆ ತಡೆಯುವ ಹಾಗೆ ಕಟ್ಟಿದ.

ಗೋಪುರದಲ್ಲಿ ಪಾಶಾ ಕಾಳು ಮುಟ್ಟಲಿಲ್ಲ. ಕೆಳಗೆ ಅಣ್ಣ ತಟ್ಟೆ ಮುಟ್ಟಲಿಲ್ಲ. ಮೊಲದ ಮಾಂಸ ಹಾಕಿ ಸೊಪ್ಪಿನ ಸಾರು ಮಾಡಿದ್ದೆ, ಅವನಿಗೆ ಪ್ರಾಣ ಅದು.

"ಹಸಿವಿಲ್ಲ ಇನ್ಶಿರಾ."

"ಹಕ್ಕಿಗೋಸ್ಕರ ಊಟ ಬಿಡ್ತಾರಾ ಯಾರಾದ್ರೂ? ಇನ್ನೂ ಅಷ್ಟೊಂದು ಇದಾವಲ್ಲ ಮೇಲೆ."

"ಅದರ ತಾಯಿಗೆ ನಿನ್ನ ಅತ್ತಿಗೆ ತನ್ನ ಬಾಯಿಂದ ಕಾಳು ಅಗಿದು ತಿನ್ನಿಸಿದ್ಲು," ಅಂದ. "ಅವಳು ಸಾಕಿದ ಸಂತಾನದಲ್ಲಿ ಉಳಿದಿರೋದು ಇದೊಂದೇ."

ಮೇಲೆ ಹೋಗಿ ಬಿಡಿಸಿ ಹೇಳಿಬಿಡುತ್ತೇನೆ ಅಂದೆ. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ. "ಮಗುಗೆ ಕೊಟ್ಟಿದ್ದನ್ನ ಕಿತ್ಕೊಂಡ ಮುದುಕ ಅನ್ನಿಸ್ಬೇಡ ನನ್ನ. ನಿಂಗೆ ಕೈ ಮುಗೀತೀನಿ." ಬಿಡಿಸಿ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸೂಚಿಸುವುದಿಲ್ಲ ಎಂದು ಕೊಡಲಿಲ್ಲ.

ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿ, ಒಂದು ತಟ್ಟೆ ತುಂಬ ಮೇಲೆ ಒಯ್ದೆ.

"ಚಹಾ ಸೇವಿಸುವಿರಾ?" ಅಂದಳು ಮಾರೈಕೆ.

"ಬೇಡ ಮಗಳೇ," ಅಂದೆ. ಅವಳು ಕೆಟಲ್ ಕೆಳಗಿಟ್ಟಳು. ಅವರ ಮನೆಯಲ್ಲಿ ನನಗೆ ಈ ಒಂದು ವರ್ಷದಲ್ಲಿ ಒಂದು ತೊಟ್ಟು ಚಹಾ ಸಿಕ್ಕಿಲ್ಲ.

"ಹಕ್ಕಿ ತುಂಬ ಗಲಾಟೆ ಮಾಡುತ್ತಾ? ಬೆಳಗ್ಗೆ ಬೆಳಗ್ಗೆ ಗುಟುರು ಹಾಕುತ್ತೆ, ನಿದ್ದೆ ಕೆಡಿಸುತ್ತೆ."

"ಇಲ್ಲ. ನಾವು ಬೇಗನೆ ಏಳುವ ಜನರು."

"ಗಲೀಜು ಮಾಡುತ್ತೆ."

"ಸಾಂಡರ್ ಅದಕ್ಕೆ ಎಳೆಯುವ ತಟ್ಟೆಯನ್ನು ಅಳವಡಿಸಿದ್ದಾರೆ. ನೋಡುವಿರಾ?"

ನೋಡಿದೆ. ಎಳೆದರೆ ಬರುತ್ತಿತ್ತು, ತಳ್ಳಿದರೆ ಹೋಗುತ್ತಿತ್ತು. ನನ್ನ ಅಡುಗೆಮನೆಯ ಡ್ರಾಯರ್‌ಗಳಿಗಿಂತ ಚೆನ್ನಾಗಿ. ಕೊನೆಗೆ ನಮ್ಮ ದಾರಿಯನ್ನೇ ಹಿಡಿದೆ. ಪಂಜರದ ಮುಂದೆ ನಿಂತು, ಕೈ ಎದೆಯ ಮೇಲಿಟ್ಟು, ಕಲ್ಲು ಕೂಡ ಕರಗಿ "ತಗೊಳ್ಳಿ, ನಿಮ್ಮದೇ" ಅನ್ನಬೇಕು, ಅಷ್ಟು ಹೊಗಳಿದೆ. ಈ ಕತ್ತು ನೋಡು, ಈ ಕಣ್ಣು ನೋಡು, ಇಂಥ ಹಕ್ಕಿ ಮನೇಲಿದ್ರೆ ಇನ್ನೇನು ಬೇಕು.

"ಹೌದಲ್ಲವೇ," ಅಂದಳು ಮಾರೈಕೆ, ಹೆಮ್ಮೆಯಿಂದ.

ಇಳಿದು ಬಂದೆ. ತಟ್ಟೆಯನ್ನು ಅವಳು ಅಲ್ಲೇ ತೊಳೆದು ಖಾಲಿಯಾಗಿ ಕೊಟ್ಟಳು. ಖಾಲಿ ತಟ್ಟೆ ವಾಪಸ್ ಕೊಡಬಾರದೆಂದೂ ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ದೇವರೇ ಕಣ್ಣು ಬಿಟ್ಟ. ಫೆಮ್ಕೆ ಹಕ್ಕಿಗೆ ಬಿಸ್ಕತ್ ತಿನ್ನಿಸಲು ಪಂಜರದ ಬಾಗಿಲು ತೆಗೆದಳಂತೆ. ನಾನು ತಾರಸಿಯಲ್ಲಿದ್ದೆ. ಬಸ್ಬೂಸಾ ಸುತ್ತುಹಾಕಲೂ ಇಲ್ಲ, ನೇರ ಗೋಪುರಕ್ಕೆ ಬಂದು ಪಾಶಾನ ಪಕ್ಕ ಇಳಿದಳು. ಪಾಶಾ ಕತ್ತು ಉಬ್ಬಿಸಿಕೊಂಡು ಕುಣಿದ. ಅಣ್ಣ ಅವಳನ್ನು ಕೈಗೆತ್ತಿಕೊಂಡು, ಕೊಕ್ಕಿಗೆ ಕೊಕ್ಕು ತಾಗಿಸಿದ ಹಾಗೆ ಮೂಗು ತಾಗಿಸಿದ. ತಾನಾಗಿ ಬಂದಿದ್ದಾಳೆ, ಯಾರೂ ಕೇಳಿಲ್ಲ, ಯಾರ ಮಾನವೂ ಹೋಗಿಲ್ಲ. ಅವನಿಗೆ ಇಷ್ಟವೆಂದು ಬದನೆಕಾಯಿ ಕರಿಯಲು ನಾನು ಮೆಟ್ಟಿಲ ಕಡೆ ತಿರುಗಿದೆ. ಅಷ್ಟರಲ್ಲಿ ಮಾರೈಕೆ ತಾರಸಿಗೆ ಹತ್ತಿ ಬಂದಳು. ಅವಳ ಕೈ ಹಿಡಿದುಕೊಂಡು ಯೋಸ್ತ್ ಬಿಕ್ಕುತ್ತಿದ್ದ.

"ಕ್ಷಮಿಸಿ. ನಮ್ಮ ಹಕ್ಕಿಯು ತಪ್ಪಿ ನಿಮ್ಮಲ್ಲಿಗೆ ಬಂದಿದೆ."

ನಾನು ಅಣ್ಣನ ಕಡೆ ಕಣ್ಣಲ್ಲೇ ಸನ್ನೆ ಮಾಡಿದೆ: ಸುಮ್ಮನಿರು, ನಾನು ಮಾತಾಡುತ್ತೇನೆ. ಅವನು ನನ್ನನ್ನು ನೋಡಲಿಲ್ಲ, ಹುಡುಗನ ಮೂಗಿನ ಸಿಂಬಳ ನೋಡಿದ.

"ಅಳಬೇಡ್ವೋ ಕಂದ, ಇಲ್ಲೇ ಇದಾಳೆ. ನಿನ್ನ ಹಕ್ಕಿ ಎಲ್ಲಿಗೆ ಹೋಗ್ತಾಳೆ? ತಗೋ, ತಗೋ," ಎಂದು ಎತ್ತಿ ಕೊಟ್ಟುಬಿಟ್ಟ.

ಕಾಲಿನ ಚಪ್ಪಲಿ ಕೈಗೆ ಬರುವುದರಲ್ಲಿತ್ತು. "ನಿಂಗೆ ಬುದ್ಧಿ ಇದೆಯಾ?" ಅಂದೆ ಅವರು ಹೋದ ಮೇಲೆ.

"ಮಗು ಅಳ್ತಿತ್ತು."

"ಈಗ ನೀನು ಅಳ್ತಿದೀಯ."

"ನಂಗೆ ವಯಸ್ಸಾಯ್ತು, ತಡ್ಕೋತೀನಿ."

ತಡೆದುಕೊಳ್ಳಲಿಲ್ಲ. ಎರಡು ದಿನ ಗೋಪುರದ ಬುಡದಲ್ಲಿ ಪಾಶಾನ ಎದುರು ಕೂತ, ಸತ್ತವರ ಮನೆಯಲ್ಲಿ ಗಂಡಸರು ಕೂರುವ ಹಾಗೆ. ನಾನು ಕೊಟ್ಟ ಮಾತನ್ನು ಮುರಿದೆ. ಅಣ್ಣನ ಮಾನ ದೊಡ್ಡದು ನಿಜ, ಆದರೆ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಮಾರೈಕೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನಮ್ಮಲ್ಲಿ ಮೊದಲನೇ "ತಗೋ" ಮರ್ಯಾದೆಗೆ. ಮೊದಲನೇ "ಬೇಡ" ಕೂಡ ಮರ್ಯಾದೆಗೆ. ಎರಡು ಮೂರು ಸಲ ಎಳೆದಾಡಿದ ಮೇಲೆ ಉಳಿಯುವುದೇ ನಿಜವಾದ ಮಾತು. ಅವಳು ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಅವಳ ಕಣ್ಣು ಮನೆಯೆಲ್ಲ ಸುತ್ತಿತು, ನೆರೆಯವರು ಕೊಟ್ಟ ಒಂದೊಂದೇ ವಸ್ತುವಿನ ಮೇಲೆ.

"ವೈದ್ಯರ ಪತ್ನಿ ನೀಡಿದ ಶಾಲು?"

"ಅದೂ ಹಾಗೇ ಮಗಳೇ. ಅವರ ಅಮ್ಮ ಕೊಟ್ಟಿದ್ದಂತೆ ಅದು."

"ಕರ್ನಲ್ ಅವರ ಗೋಡೆ ಗಡಿಯಾರ?"

"ಪಾಪ, ಟೈಮ್ ಎಷ್ಟು ಅಂತ ಕೇಳೋಕೆ ಈಗ ನಮ್ಮ ಮನೆಗೆ ಬರ್ತಾರೆ."

ಮುಖ ಮುಚ್ಚಿಕೊಂಡಳು. "ಈಜಿಪ್ಟಿನ ಜನರಷ್ಟು ಉದಾರಿಗಳು ಲೋಕದಲ್ಲಿಲ್ಲವೆಂದು ನಾನು ನನ್ನ ತಾಯಿಗೆ ತಿಳಿಸಿದ್ದೇನೆ."

"ಸುಳ್ಳೇನಲ್ಲ ಬಿಡು. ಕೊಟ್ಟರಲ್ಲ."

"ಹಾಗಾದರೆ ನೀವು ಚಹಾ ಬೇಡವೆಂದಾಗ..."

"ಗಂಟಲು ಒಣಗಿತ್ತು."

ಅವಳು ಆ ಕ್ಷಣವೇ ಎದ್ದು ನೀರಿಟ್ಟಳು. ಕುಡಿದೆ. ಸಕ್ಕರೆ ಸಾಲದು, ಆದರೆ ಹೇಳಲಿಲ್ಲ. ಆ ಮಧ್ಯಾಹ್ನವೇ ಗಡಿಯಾರ ಎತ್ತಿಕೊಂಡು ಕರ್ನಲ್ ಮನೆಗೆ ಹೋದಳು. ಅವರು "ಛೆ ಛೆ, ಕೊಟ್ಟಿದ್ದು ವಾಪಸ್ಸಾ?" ಎಂದು ಅದರ ಮೇಲೊಂದು ತಾಮ್ರದ ಕಾಫಿ ಪಾತ್ರೆಯನ್ನೂ ಇಟ್ಟು ಕಳಿಸಿದರು. ಎರಡು ಮೂರು ಸಲ ಎಳೆದಾಡಬೇಕೆಂದು ಅವಳು ಗಲಿಬಿಲಿಯಲ್ಲಿ ಮರೆತಿದ್ದಳು.

ಯೋಸ್ತ್‌ಗೆ ತಿಳಿಸಿ ಹೇಳಲು ಒಂದು ರಾತ್ರಿ ಹಿಡಿಯಿತಂತೆ. ಬೆಳಗ್ಗೆ ನಾಲ್ವರೂ ಇಳಿದು ಬಂದರು. ಸಾಂಡರ್ ಸ್ನಾನ ಮಾಡಿ ಕೋಟು ಹಾಕಿದ್ದ, ಯಾವುದೋ ಒಪ್ಪಂದಕ್ಕೆ ಸಹಿ ಮಾಡುವವನ ಹಾಗೆ. ಯೋಸ್ತ್ ಬಸ್ಬೂಸಾಳನ್ನು ಎದೆಗೆ ಅವಚಿಕೊಂಡಿದ್ದ. ಕಣ್ಣು ಊದಿತ್ತು. ಅಣ್ಣನ ಮುಂದೆ ಬಂದು ನಿಂತ.

"ಅಜ್ಜ, ಇವಳನ್ನ ನೀವೇ ತಗೊಳ್ಳಿ."

ಅಣ್ಣನ ಎರಡೂ ಕೈ ಎದ್ದವು. ಬಾಯಿ ಮಾತ್ರ ಅರವತ್ತೆಂಟು ವರ್ಷದ ಅಭ್ಯಾಸ ಬಿಡಲಿಲ್ಲ. "ಇಲ್ಲಪ್ಪ, ನಿನ್ನ ಕೈಲೇ ಚೆಂದ. ದೇವರು ನಿಂಗೇ ಇಟ್ಟಿರಲಿ."

ಯೋಸ್ತ್‌ನ ಮುಖ ದೀಪದ ಹಾಗೆ ಬೆಳಗಿತು. "ಬೇಡ ಅಂದ್ರು," ಎಂದು ಅಮ್ಮನಿಗೆ ವರದಿ ಒಪ್ಪಿಸಿ ಮೆಟ್ಟಿಲ ಕಡೆ ತಿರುಗಿದ.

ಮಾರೈಕೆ ನನ್ನನ್ನು ನೋಡಿದಳು. ನಾನು ಅಣ್ಣನ ಬೆನ್ನ ಹಿಂದೆ ಹೋಗಿ, ಚಿಕ್ಕವರಿದ್ದಾಗ ಗಿಲ್ಲುತ್ತಿದ್ದ ಜಾಗದಲ್ಲೇ ಗಿಲ್ಲಿದೆ. "ಈ ಮಗುಗೆ ಎಳೆದಾಡೋಕೆ ಬರಲ್ಲ. ಈಗ ಹೇಳಿದ್ರೆ ಹೇಳಿದ ಹಾಗೆ."

ಅಣ್ಣ ಗಿಲ್ಲಿದ ಜಾಗ ಉಜ್ಜಿಕೊಂಡ. ಅತ್ತಿಗೆಯನ್ನು ನೋಡಲು ಹೋದಾಗಲೂ ಹುಡುಗಿ ಒಪ್ಪಿಗೆಯೇ ಎಂದು ಕೇಳಿದರೆ "ನೀವು ದೊಡ್ಡವರು ಹೇಗೆ ಹೇಳಿದರೆ ಹಾಗೆ" ಅಂದವನು ಅವನು.

"ಯೋಸ್ತ್," ಅಂದ. "ನಂಗೆ ಬೇಕು."

ಹುಡುಗ ನಿಂತ. ಅನುಮಾನದಿಂದ ನೋಡಿದ. "ಸುಮ್ನೆ ಹೇಳ್ತಿದೀರ. ಇಲ್ಲಿ ಮೊದಲನೇ ಮಾತು ಲೆಕ್ಕಕ್ಕಿಲ್ಲ ಅಂತ ಅಮ್ಮ ಹೇಳಿದ್ಲು."

"ಇದು ಮೊದಲನೇದಲ್ಲ," ಅಂದೆ ನಾನು.

"ನೀವು ಹೇಳ್ಬೇಡಿ, ಅಜ್ಜ ಹೇಳ್ಲಿ."

ಅಣ್ಣ ಮೊಣಕಾಲೂರಿ ಹುಡುಗನ ಎತ್ತರಕ್ಕೆ ಬಂದ. "ನಿಜವಾಗ್ಲೂ ಬೇಕು ಕಣೋ. ಅವಳಿಲ್ದೆ ನಂಗೆ ಊಟ ಸೇರ್ತಿಲ್ಲ. ಕೊಡಲ್ಲ ಅಂದ್ರೆ ನಾನೂ ಅಳ್ತೀನಿ, ನೋಡು ಬೇಕಾದ್ರೆ."

ಯೋಸ್ತ್ ಸ್ವಲ್ಪ ಹೊತ್ತು ಅವನ ಮುಖ ಪರೀಕ್ಷಿಸಿದ, ಅಳು ನಿಜವಾಗಿ ಬರುತ್ತಿದೆಯೇ ಎಂದು. ಬರುತ್ತಿತ್ತು. ಬಸ್ಬೂಸಾಳನ್ನು ಅಣ್ಣನ ಅಂಗೈ ಮೇಲೆ ಇಟ್ಟು, ಬಾಲ ಸರಿಮಾಡಿ, ಹಿಂದೆ ಸರಿದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಅದನ್ನು ನೋಡಲು ಅಣ್ಣನಿಂದ ಆಗಲಿಲ್ಲ. "ಮೇಲೆ ಕರಿ ಜೋಡಿಯ ಮರಿಗಳಿವೆ. ಒಂದನ್ನ ಆರಿಸ್ಕೋ, ನಿಂದೇ," ಅಂದ.

ಸಾಂಡರ್ ಕೋಟಿನ ಗುಂಡಿ ತಿರುವಿದ. ಯೋಸ್ತ್ ಅಣ್ಣನನ್ನು ಬಿಟ್ಟು ನನ್ನ ಕಡೆ ತಿರುಗಿದ. "ಇದು ಯಾವ ಥರದ್ದು?"

ನಾನು ಅಣ್ಣನನ್ನು ನೋಡಿದೆ. ಅವನು ಬಸ್ಬೂಸಾಳ ಕತ್ತು ಸವರುತ್ತ, ನನ್ನ ಮುಖ ನೋಡದೆ, ಸ್ವಲ್ಪ ನಾಚಿಕೊಂಡು, "ಇದು ಕೊಡೋ ಥರದ್ದೇ," ಅಂದ.

ಮಾತು ಮುಗಿಯುವ ಮೊದಲೇ ಹುಡುಗ ತಾರಸಿಯ ಮೆಟ್ಟಿಲು ಹತ್ತುತ್ತಿದ್ದ. ಫೆಮ್ಕೆ ಅವನ ಹಿಂದೆಯೇ ಓಡುತ್ತ, ತನಗೆ ಎರಡು ಬೇಕು ಎಂದು ಕೂಗುತ್ತಿದ್ದಳು.