ಭರತರಾಜರ ಬಿಳಿ ಕಲೆಗಳು

ಹಿಮ್ಮಡಿಯ ಕಪ್ಪು ಮಚ್ಚೆ ಚರ್ಮದ ಕ್ಯಾನ್ಸರ್ ಎಂದಾಗ ಭರತರಾಜರು ಹೆದರಲಿಲ್ಲ. ಅದನ್ನು ಕತ್ತರಿಸಿ ತೆಗೆದ ಮೇಲೆ ತೊಡೆಸಂದಿನಲ್ಲೂ ಗಂಟು ಕಂಡಿತು. ಆಗಲೂ ತಕರಾರಿಲ್ಲದೆ, ಮೂರು ವಾರಕ್ಕೊಮ್ಮೆ ಮೂಡಬಿದಿರೆಯಿಂದ ಮಂಗಳೂರಿಗೆ ಹೋಗಿ ಮದ್ದಿನ ಡ್ರಿಪ್ ಹಾಕಿಸಿಕೊಂಡು ಬಂದರು. ಹೆದರಿದ್ದು ಐದನೇ ತಿಂಗಳಲ್ಲಿ, ಬೆರಳ ಗೆಣ್ಣುಗಳ ಮೇಲೆ ಬಿಳಿ ಕಲೆ ಎದ್ದಾಗ.

"ಇದು ತೊನ್ನು. ಇನ್ನು ಆ ಮದ್ದು ಬೇಡ," ಎಂದರು ಹೆಂಡತಿ ತ್ರಿಶಲಾಗೆ.

ಅವಳಿಗೆ ತಲೆ ಚಿಟ್ಟು ಹಿಡಿಯಿತು. ಜೀವ ತೆಗೆಯುವ ರೋಗಕ್ಕೆ ಜಗ್ಗದ ಮನುಷ್ಯ, ನೋವೇ ಇಲ್ಲದ ಕಲೆಗೆ ಬಸದಿಗೆ ಹೋಗುವುದನ್ನೂ ಬಿಟ್ಟರು. ವಾಮದಪದವಿನಿಂದ ಎಂಥದೋ ಎಣ್ಣೆ ತರಿಸಿ ಹಚ್ಚಿ, ಕೈತುಂಬ ಬೊಬ್ಬೆ ಬರಿಸಿಕೊಂಡರು. ಬಂಟ್ವಾಳದ ನಾದಿನಿ ಫೋನು ಮಾಡಿ, ಇವರ ಮಗಳ ಮದುವೆಗೆ ಇದು ಅಡ್ಡ ಬರುತ್ತದೆಂದು ಬುದ್ಧಿ ಹೇಳಿದಳು. ತ್ರಿಶಲಾ ಮಾತಿನ ನಡುವೆಯೇ ಫೋನಿಟ್ಟಳು.

ಮುಂದಿನ ಡ್ರಿಪ್‌ನ ದಿನ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದಳು. ಡಾಕ್ಟರ್ ಸಬೀಹಾ ಕಲೆ ನೋಡಿ ಮುಗುಳ್ನಕ್ಕಾಗ ಅವಳಿಗೆ ಇನ್ನಷ್ಟು ರೇಗಿತು.

ಡಾಕ್ಟರು ಬಿಡಿಸಿ ಹೇಳಿದರು. ಈ ಕ್ಯಾನ್ಸರ್ ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಕಣದಲ್ಲಿ. ಮದ್ದು ಎಬ್ಬಿಸಿದ ರೋಗನಿರೋಧಕ ಕಣಗಳು ಕ್ಯಾನ್ಸರ್ ಕಣದ ಮೈಮೇಲಿನ ಗುರುತು ಹಿಡಿದು ಕೊಲ್ಲುತ್ತಿವೆ. ಅದೇ ಗುರುತು ಬಣ್ಣದ ಒಳ್ಳೆಯ ಕಣಕ್ಕೂ ಇರುವುದರಿಂದ ಅದನ್ನೂ ಬಿಡುತ್ತಿಲ್ಲ. ಈ ಬಿಳಿ ಕಲೆ ಮದ್ದು ಹಿಡಿಯುತ್ತಿರುವ ಲಕ್ಷಣ.

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ತ್ರಿಶಲಾ ಕೇಳಿದಳು.

"ಮೊದಲ ದಿನ ಕೊಟ್ಟ ಹಾಳೆಯಲ್ಲಿ ಉಂಟಲ್ಲ."

ಆ ಹಾಳೆಯನ್ನು ಓದುತ್ತೇನೆಂದು ಜೇಬಿಗೆ ಹಾಕಿಕೊಂಡವರು ಭರತರಾಜರು. ಅವರೀಗ ಕಿಟಕಿಯತ್ತ ನೋಡುತ್ತಿದ್ದರು.

ಸ್ಕ್ಯಾನಿನಲ್ಲಿ ಗಂಟು ಅರ್ಧಕ್ಕೆ ಇಳಿದಿತ್ತು. ಕಣಗಳು ಯಾವ ಯಾವ ಗುರುತು ಹಿಡಿಯುತ್ತವೆಂದು ಇಂಥ ಕಲೆ ಬಂದವರ ರಕ್ತದಲ್ಲಿ ಹುಡುಕುತ್ತಿದ್ದೇವೆ, ಮುಂದೆ ಬೇರೆಯವರ ಕಣಗಳಿಗೂ ಅದನ್ನೇ ಕಲಿಸಿಕೊಡುವ ಲಸಿಕೆ ಬಂದರೂ ಬಂದೀತು ಎಂದು ಹೇಳಿ, ಡಾಕ್ಟರು ರಕ್ತ ಕೇಳಿದರು.

"ಲಸಿಕೆ ಹಾಕಿದವರಿಗೂ ಹೀಗೆ ಬಿಳಿ ಬರ್ತದಾ?" ಎಂದರು ಭರತರಾಜರು.

"ಕೆಲವರಿಗೆ ಬರಬಹುದು. ಲಸಿಕೆಯೇ ಇನ್ನೂ ದೂರ ಉಂಟು."

"ಹಾಗಾದ್ರೆ ಆಲೋಚನೆ ಮಾಡಿ ಹೇಳ್ತೇನೆ."

ತ್ರಿಶಲಾಗೆ ಸಾಕಾಗಿ ಹೋಯಿತು. "ಆಲೋಚನೆ ಮಾಡ್ಲಿಕ್ಕೆ ಏನುಂಟು ಮಾರಾಯ್ರೆ? ನಿಮ್ಮ ಗಂಟು ಇಳಿದದ್ದು ಸಾಲದಾ?"

ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು, ಅಂಗಿಯ ತೋಳು ಮಡಚಿದರು.

ವಾಪಸು ಬರುವಾಗ ಕೈಕಂಬದ ಹೋಟೆಲಿಗೆ ಹೋದರು. ಸಪ್ಲೈಯರ್ ಹತ್ತಿರ ಬಂದದ್ದೇ ಭರತರಾಜರು ಎರಡೂ ಕೈಗಳನ್ನು ಮೇಜಿನಡಿಗೆ ಇಳಿಸಿದರು. ತ್ರಿಶಲಾ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಎರಡು ಬನ್ಸ್, ಎರಡು ಚಾ ಹೇಳಿದಳು.